ಹಸಿರು ಬೈಕಿನ ಸೋರಿಕೆ

ನವೆಂಬರ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಕೇರಳದ ಆಲುವದ ಠಾಣೆಗೆ ಬಂದ ಮನುಷ್ಯನ ಕೈಯಲ್ಲಿ ದೂರಿನ ಅರ್ಜಿಗಿಂತ ಮೊದಲು ಕಂಡದ್ದು ಒಂದು ಪ್ಲಾಸ್ಟಿಕ್ ಬಾಟಲಿ. ತಳದಲ್ಲಿ ಒಂದಿಷ್ಟು ಹಸಿರು ನೀರಿತ್ತು. ಅದನ್ನು ಇನ್‌ಸ್ಪೆಕ್ಟರ್ ತುಂಗಾ ಅವರ ಮೇಜಿನ ಮೇಲಿಟ್ಟು ಅವನು ಮಲಯಾಳದಲ್ಲಿ ಹೇಳಿದ:

"ಕೊಲೆ ಮೇಡಂ."

"ಯಾರದ್ದು?"

"ನನ್ನ ಬೈಕಿನದ್ದು."

ಹಿಂದೆ ನಿಂತಿದ್ದ ಹಿರಿಯ ಪೇದೆ ಸುಗತನ್ ಕೆಮ್ಮಿನ ನೆಪದಲ್ಲಿ ನಗು ನುಂಗಿಕೊಂಡ. ತುಂಗಾ ನಗಲಿಲ್ಲ. ಠಾಣೆಗೆ ಬಂದವನ ಸಂಕಟ ನೋಡುವವರಿಗೆ ಸಾಸಿವೆಯಷ್ಟಿದ್ದರೂ ಅವನಿಗೆ ಬೆಟ್ಟದಷ್ಟಿರುತ್ತದೆ ಎನ್ನುವುದು ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವರು ಕಲಿತ ಪಾಠ. ಕುರ್ಚಿ ತೋರಿಸಿ, "ಕೂತು ಹೇಳಿ" ಎಂದರು.

ಅವನ ಹೆಸರು ಎಲ್ದೋ. ಊರಿನ ಅಂಚಿನಲ್ಲಿ ಲೇತ್ ಯಂತ್ರಗಳ ಸಣ್ಣ ಶೆಡ್ ಇಟ್ಟುಕೊಂಡವನು. ಮದುವೆಗೆ ಮೊದಲು ಆಸೆಪಟ್ಟು ಕೊಂಡ ಹಸಿರು ಬಣ್ಣದ ಆಮದು ಸ್ಪೋರ್ಟ್ಸ್ ಬೈಕನ್ನು ಈಗ ಮಾರಲು ಹೊರಟಿದ್ದ. ಜಾಹೀರಾತು ನೋಡಿ ಭಾನುವಾರ ತಿರುವನಂತಪುರದಿಂದ ಇಬ್ಬರು ಬಂದಿದ್ದರು. ಒಬ್ಬ ಹುಡುಗ, ಬ್ಯಾಂಕಿನವನಂತೆ. ಇನ್ನೊಬ್ಬರು ವಯಸ್ಸಾದವರು. ತಮ್ಮತಮ್ಮೊಳಗೆ ಕನ್ನಡ ಮಾತಾಡುತ್ತಿದ್ದರು.

"ಆ ಅಪ್ಪಾಪನ್, ಆ ಅಜ್ಜ, ಬೈಕ್ ನೋಡಿದ ಹಾಗೆ ನಮ್ಮಮ್ಮ ಸೊಸೆಯನ್ನೂ ನೋಡಿಲ್ಲ ಮೇಡಂ. 'ನಾವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ ಮೊದಲೇ ಫೋನ್ ಮಾಡಿಸಿದ್ದರು. ಬಂದವರೇ ಇಂಜಿನ್ ತಣ್ಣಗಿದೆಯೋ ಅಂತ ಅಂಗೈ ಇಟ್ಟು ನೋಡಿದ್ರು. ಹ್ಯಾಂಡಲ್ ತುದಿ ಗೀರಿದೆಯಾ, ಫೋರ್ಕಲ್ಲಿ ಎಣ್ಣೆ ಜಿನುಗಿದೆಯಾ, ಚೈನು ಸಡಿಲವಾ, ಟೈರು ಯಾವ ವರ್ಷದ್ದು, ಎಲ್ಲ ನೋಡಿದ್ರು. ಕೊನೆಗೆ ಕೆಳಗೆ ಬೆರಳು ತೋರಿಸಿ 'ಸೋರುತ್ತಿದೆ, ಬೇಡ' ಅಂದ್ರು, ಹೊರಟರು."

"ಸೋರುತ್ತಿತ್ತಾ?"

"ಎರಡು ಹನಿ ಬಿದ್ದಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೊಳ್ಳೋಕೆ ಬಂದವರು ಹೊಗಳ್ತಾರಾ?"

ಸೋಮವಾರ ಸಂಜೆ ಇನ್ನೊಬ್ಬ ಗಿರಾಕಿಗೆ ತೋರಿಸಲೆಂದು ಎಲ್ದೋ ಆ ಬೈಕನ್ನು ಅಂಗಮಾಲಿಗೆ ಓಡಿಸಿಕೊಂಡು ಹೋಗಿದ್ದ. ದಾರಿಯಲ್ಲಿ ಇಂಜಿನ್ ಬಿಸಿಯಾಗಿದೆ ಎನ್ನುವ ಕೆಂಪು ದೀಪ ಉರಿಯಿತು. ಟ್ರಾಫಿಕ್ಕಿಗೆ ಬಿಸಿಯಾಗಿರಬೇಕೆಂದು ಇವನು ನಿಲ್ಲಿಸಲಿಲ್ಲ. ಇಂಜಿನನ್ನು ತಂಪಾಗಿಡುವ ಕೂಲೆಂಟ್ ಅಷ್ಟೂ ಸೋರಿಹೋಗಿ, ಹೆದ್ದಾರಿಯ ಮಧ್ಯೆ ಇಂಜಿನ್ ಹಿಡಿದುಕೊಂಡು ನಿಂತಿತು. ರಿಪೇರಿಯ ಅಂದಾಜು ಲಕ್ಷ ದಾಟಿತ್ತು. ಬಾಟಲಿಯಲ್ಲಿದ್ದದ್ದು ಅಳಿದುಳಿದ ಕೂಲೆಂಟ್.

"ಹಳೇ ಗಾಡಿ ಅಲ್ವಾ, ತಾನಾಗಿಯೇ ಸಡಿಲ ಆಗಿರಬಹುದು" ಎಂದ ಸುಗತನ್.

"ಹಾಗಾದರೆ ಆ ಫೋನ್ ಯಾಕೆ ಬಂತು?" ಎಲ್ದೋ ಮೊಬೈಲ್ ಚಾಚಿದ. "ಬೈಕನ್ನು ಲಾರಿಗೆ ಹತ್ತಿಸ್ತಾ ಇದ್ದೆ. ಯಾರೋ ಮುದುಕರ ದನಿ. 'ಗಾಡಿ ಓಡಿಸಬೇಡಿ, ಕೆಳಗಿನ ಕ್ಲಿಪ್ ಬಿಗಿ ಮಾಡಿಸಿ' ಅಂದು ಇಟ್ಟುಬಿಟ್ಟರು. ಬೆದರಿಕೆ ಕರೆ ಮೇಡಂ!"

ತುಂಗಾ ಆ ನಂಬರನ್ನು ಬರೆದುಕೊಂಡರು. ನಷ್ಟ ಲಕ್ಷ ಮೀರಿದ್ದರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 324ರಡಿ, ಬೇಕೆಂದೇ ಆಸ್ತಿಗೆ ಹಾನಿ ಮಾಡಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಅಪರಿಚಿತ ಆರೋಪಿಗಳು ಇಬ್ಬರು.

ಎಲ್ದೋ ಹೋದ ಮೇಲೆ ಸುಗತನ್ ತಲೆ ಕೆರೆದುಕೊಂಡ. "ಬೆದರಿಕೆ ಹಾಕುವವರು ಕ್ಲಿಪ್ ಬಿಗಿ ಮಾಡಿಸಿ ಅಂತಾರಾ ಮೇಡಂ?"

"ಅದೇ ನನ್ನ ತಲೆಯಲ್ಲೂ ಓಡುತ್ತಿರುವುದು" ಎಂದರು ತುಂಗಾ.

ಮಧ್ಯಾಹ್ನ ಶೆಡ್ಡಿನಲ್ಲಿ ಪಂಚನಾಮೆ ನಡೆಯಿತು. ಪಕ್ಕದ ಚಹಾದಂಗಡಿಯವನೂ ಎದುರಿನ ಗೋದಾಮಿನವನೂ ಪಂಚರು. ಠಾಣೆಯ ವಾಹನಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಬೈಕಿನ ಪಕ್ಕ ಮಲಗಿ ಟಾರ್ಚ್ ಬಿಟ್ಟ. ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಹರಿದಿರಲಿಲ್ಲ. ಅದನ್ನು ಬಿಗಿದಿಡುವ ಕ್ಲಿಪ್ಪಿನ ಸ್ಕ್ರೂ ಮಾತ್ರ ಸಡಿಲವಾಗಿತ್ತು. ಸ್ಕ್ರೂವಿನ ತಲೆಯ ಮೇಲೆ ಹೊಸ ಗೀರು ಹೊಳೆಯುತ್ತಿತ್ತು.

"ಕೈಯಿಂದ ಸಡಿಲ ಮಾಡಿದ್ದೇ. ಗೊತ್ತಿದ್ದವರ ಕೆಲಸ" ಎಂದ ಮೆಕ್ಯಾನಿಕ್.

"ಬ್ರೇಕು?"

"ಮುಟ್ಟಿಲ್ಲ. ಚಕ್ರದ ಬೋಲ್ಟೂ ಮುಟ್ಟಿಲ್ಲ. ಹಾಳು ಮಾಡಬೇಕು ಅಂತಿದ್ದರೆ ಪೈಪಿಗೆ ಒಂದು ಬ್ಲೇಡ್ ಎಳೆದಿದ್ದರೆ ಸಾಕಿತ್ತು."

ಗೋದಾಮಿನ ಕ್ಯಾಮೆರಾದಲ್ಲಿ ಭಾನುವಾರದ ದೃಶ್ಯ ಉಳಿದಿತ್ತು. ತುಂಗಾ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಹುಡುಗ ಕಾಗದಪತ್ರ ನೋಡಲು ಎಲ್ದೋ ಜೊತೆ ಒಳಗೆ ಹೋಗುತ್ತಾನೆ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿಯ ಹಿರಿಯರು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಬೆನ್ನು ಕ್ಯಾಮೆರಾದ ಕಡೆಗೆ. ಹುಡುಗ ಹೊರಗೆ ಬಂದಾಗ ನೆಲ ತೋರಿಸಿ ಏನೋ ಹೇಳುತ್ತಾರೆ. ಎಲ್ಲ ಮುಗಿದು ಹೊರಡುವ ಹೊತ್ತಿಗೆ ಮಂಡಿ ಹಿಡಿದುಕೊಂಡು ಮತ್ತೆ ಕೂರಲು ಹೋಗುತ್ತಾರೆ. ಹುಡುಗ ಓಡಿಬಂದು ತೋಳು ಹಿಡಿದು ಎಬ್ಬಿಸುತ್ತಾನೆ. ಅವರು ಬೈಕಿನ ಕಡೆ ಕೈ ಮಾಡುತ್ತಾರೆ, ಅವನು ನಗುತ್ತಾ ತಲೆಯಾಡಿಸಿ ಹೆಗಲ ಮೇಲೆ ಕೈಯಿಟ್ಟು ಕರೆದೊಯ್ಯುತ್ತಾನೆ. ಗೇಟು ದಾಟುವವರೆಗೆ ಹಿರಿಯರು ಹಿಂದೆ ತಿರುಗಿ ನೋಡುತ್ತಲೇ ಇದ್ದರು.

ಎಲ್ದೋ ತನ್ನ ಮೊಬೈಲಿನಲ್ಲಿ ಇನ್ನೊಂದು ತುಣುಕು ತೋರಿಸಿದ. ಬೇರೆ ಗಿರಾಕಿಗಳಿಗೆ ಕಳಿಸಲೆಂದು ಅವತ್ತೇ ಬೈಕಿನ ಸುತ್ತ ತಿರುಗಿ ತೆಗೆದ ವಿಡಿಯೊ. ಕೊನೆಯಲ್ಲಿ, ಚಿತ್ರದ ಹೊರಗಿನಿಂದ, ಒಂದು ದನಿ ಕೇಳಿಸಿತು: "ಬೇಡ ಮಗಾ, ಇದೂ ಸೋರ್ತಾ ಐತೆ. ನಡಿ, ಊಟದ ಹೊತ್ತಾಯ್ತು."

ತುಂಗಾ ಅವರ ಕೈ ಮೊಬೈಲಿನ ಮೇಲೆ ಹಾಗೇ ನಿಂತಿತು. ಅವರು ಕಾಸರಗೋಡಿನ ಬದಿಯಡ್ಕದವರು. ಕೆಲಸವೆಲ್ಲ ಮಲಯಾಳದಲ್ಲಿ, ಕಡತವೆಲ್ಲ ಇಂಗ್ಲಿಷಿನಲ್ಲಿ. ಕನ್ನಡವೇನಿದ್ದರೂ ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ಮಾತ್ರ. ಕೇಸಿನ ಸಾಕ್ಷ್ಯದೊಳಗಿಂದ ಕನ್ನಡ ಕೇಳಿಸಿದ್ದು ಇದೇ ಮೊದಲು.

"ಏನಂತಿದ್ದಾರೆ ಮೇಡಂ?" ಸುಗತನ್ ಕೇಳಿದ.

ತುಂಗಾ ಹೇಳಿದರು. ಆಮೇಲೆ ಸೇರಿಸಿದರು: "'ಇದೂ' ಅಂದರು, ಕೇಳಿಸಿತಲ್ಲ? ಮೊದಲೂ ಬೇರೆ ಬೈಕು ಸೋರಿವೆ. ಇನ್ನೊಂದು ಗಮನಿಸು. ಇಷ್ಟು ದೂರ ರೈಲಿನಲ್ಲಿ ಬಂದು ನೋಡಿದ ಬೈಕು ಕೆಟ್ಟದ್ದು ಎಂದಾಗ ಮನುಷ್ಯನಿಗೆ ಬೇಜಾರಾಗಬೇಕು. ಇವರ ದನಿಯಲ್ಲಿ ಖುಷಿಯಿದೆ."

ಬುಧವಾರ ಫೋನ್ ಕಂಪನಿಯಿಂದ ಉತ್ತರ ಬಂತು. ಎಚ್ಚರಿಕೆಯ ಕರೆ ಬಂದ ನಂಬರು ತಿರುವನಂತಪುರದ ಉಳ್ಳೂರಿನ ಶಾಲಿನಿ ಎಂಬವರದ್ದು. ಬೈಕ್ ನೋಡಲು ಬಂದ ಹುಡುಗನ ನಂಬರು ಆಕರ್ಷ ಎಂಬ ಬ್ಯಾಂಕ್ ಅಧಿಕಾರಿಯದ್ದು. ಗುರುವಾರ ಬೆಳಗಿನ ರೈಲಿಗೆ ತುಂಗಾ, ಸುಗತನ್ ಇಬ್ಬರೂ ತಿರುವನಂತಪುರಕ್ಕೆ ಹೊರಟರು. ಬೆಲೆ ಇಳಿಸಲು ಮಾಡಿದ ಕಿತಾಪತಿ ಎಂದು ಸುಗತನ್ ವಾದಿಸಿದ. ಬೆಲೆ ಇಳಿಸುವವರು ಆಮೇಲೆ ಚೌಕಾಶಿಗಾದರೂ ಫೋನ್ ಮಾಡಬೇಕಲ್ಲ ಎಂದು ತುಂಗಾ ಕೇಳಿದರು. ಕೊಲ್ಲಂ ಬಂದಾಗ ಸುಗತನ್ ವಾದ ಬಿಟ್ಟು, ಬಾಳೆಹಣ್ಣಿನ ಬಜ್ಜಿ ಪಳಂಪೊರಿ ಕೊಂಡು ತಿಂದ.

ಆಕರ್ಷ ಸಿಕ್ಕಿದ್ದು ಬ್ಯಾಂಕಿನ ಊಟದ ಕೋಣೆಯಲ್ಲಿ. ಹಾಸನದ ಹುಡುಗ, ಇಪ್ಪತ್ತಾರರ ಪ್ರಾಯ. ಸಮವಸ್ತ್ರ ಕಂಡು ಎದ್ದು ನಿಂತವನು ತುಂಗಾ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಇನ್ನಷ್ಟು ಗಾಬರಿಯಾದ.

"ಭಾನುವಾರ ಆಲುವಕ್ಕೆ ಹೋದದ್ದು ಹೌದಾ?"

"ಹೌದು ಮೇಡಂ."

"ಜೊತೆಗಿದ್ದವರು ಯಾರು?"

"ಪರಿಚಯದವ್ರು. ಬೈಕ್ ಬಗ್ಗೆ ಗೊತ್ತಿರೋರು."

"ಆ ಬೈಕಿನ ಇಂಜಿನ್ ಹೋಗಿದೆ. ಒಂದು ಕ್ಲಿಪ್ ಸಡಿಲ ಮಾಡಿದ್ದಾರೆ. ನಿಮಗೆ ಎಂತ ಗೊತ್ತುಂಟು?"

ಆಕರ್ಷನ ಮುಖ ಬಿಳಿಚಿಕೊಂಡಿತು. "ನಾನೇ ಮೇಡಂ" ಎಂದ. "ನಾನೇ ಸಡಿಲ ಮಾಡ್ದೆ. ಅವರಿಗೇನೂ ಗೊತ್ತಿಲ್ಲ. ಅವರ ಹೆಸರು ಬರೀಬೇಡಿ."

"ಯಾವ ಕ್ಲಿಪ್?"

"ಅದೇ... ಇಂಜಿನ್ ಹತ್ರ."

"ಎಡಕ್ಕಾ ಬಲಕ್ಕಾ?"

ಅವನ ಕೈ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಯಿತು. ತುಂಗಾ ಮೊಬೈಲಿನಲ್ಲಿ ಗೋದಾಮಿನ ದೃಶ್ಯ ತೋರಿಸಿದರು. "ಸಡಿಲ ಮಾಡುವಾಗ ನೀವು ಒಳಗೆ ಕಾಗದ ನೋಡ್ತಾ ಇದ್ರಿ. ಸುಳ್ಳು ಹೇಳ್ಲಿಕ್ಕೂ ಅಭ್ಯಾಸ ಬೇಕು ಮಾರಾಯ್ರೆ. ಕೂತ್ಕೊಳ್ಳಿ. ಅವರು ಯಾರು ಹೇಳಿ."

ಅವನು ಕೂತ. ತಿಮ್ಮಪ್ಪನವರು, ಎಂದ. ತುಮಕೂರು ಕಡೆಯವರು. ಶ್ರೀಕಾರ್ಯಂನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ತಾಂತ್ರಿಕ ವಿಭಾಗದಲ್ಲಿದ್ದು ನಿವೃತ್ತರಾದವರು. ಈಗ ಉಳ್ಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಪರಿಚಯವಾದದ್ದು ಬಸ್ಸಿನಲ್ಲಿ. ಆಕರ್ಷ ಅಮ್ಮನ ಹತ್ತಿರ ಫೋನಿನಲ್ಲಿ ಸಾರು ಮಾಡುವುದು ಹೇಗೆಂದು ಕೇಳುತ್ತಿದ್ದ. ಫೋನಿಟ್ಟ ಮೇಲೆ ಪಕ್ಕದ ಸೀಟಿನವರು ತಿರುಗಿ, "ಹುಳಿ ಜಾಸ್ತಿಯಾದ್ರೆ ಚೂರು ಬೆಲ್ಲ ಹಾಕು. ನಿಮ್ಮಮ್ಮ ಅದನ್ನ ಹೇಳೋದು ಮರೆತರು" ಎಂದಿದ್ದರು.

"ಇಳಿಯೋ ಸ್ಟಾಪ್ ಬಿಟ್ಟು ಮುಂದೆ ಹೋದ್ವಿ ಮೇಡಂ, ಇಬ್ರೂ. ಸೆಕೆಂಡ್‌ಹ್ಯಾಂಡ್ ಬೈಕ್ ತಗೋಬೇಕು ಅಂದೆ. ಒಬ್ಬನೇ ಹೋದ್ರೆ ಟೋಪಿ ಹಾಕ್ತಾರೆ, ನಾನು ಬರ್ತೀನಿ ಅಂದ್ರು. ಆಮೇಲೆ ಭಾನುವಾರ ಆದ್ರೆ ಸಾಕು, ನಾವಿಬ್ರೂ ಬೈಕ್ ನೋಡೋಕೆ ಹೋಗೋದು. ಇಲ್ಲಿ ನೋಡಿದ್ವಿ, ಕೊಲ್ಲಂನಲ್ಲಿ ನೋಡಿದ್ವಿ, ಕೊಚ್ಚಿಗೂ ಹೋದ್ವಿ."

"ಒಂದೂ ತಗೊಳ್ಳಲಿಲ್ಲ?"

"ಎಲ್ಲದರಲ್ಲೂ ಏನಾದ್ರೂ ಒಂದು ಸೋರೋದು."

ಇಷ್ಟು ಹೇಳುವಾಗ ಅವನು ಮೇಜಿನ ಅಂಚು ನೋಡುತ್ತಿದ್ದ. ಇನ್ನೇನೋ ಬಾಯಿಗೆ ಬಂದದ್ದನ್ನು ತಡೆದುಕೊಂಡ ಎಂದು ತುಂಗಾ ಅವರಿಗೆ ಅನ್ನಿಸಿತು. ಒತ್ತಾಯಿಸಲಿಲ್ಲ.

ಉಳ್ಳೂರಿಗೆ ಹೋಗುವ ಮೊದಲು ಶ್ರೀಕಾರ್ಯಂನಲ್ಲಿ ಒಂದು ಹೇಳಿಕೆ ತೆಗೆದುಕೊಳ್ಳಬೇಕಿತ್ತು. ಆಕರ್ಷ ಹೇಳಿದ ಪ್ರಕಾರ ಅವರಿಬ್ಬರು ನೋಡಿದ ಮೂರನೇ ಬೈಕು ಅಲ್ಲಿ ಇಂಜಿನಿಯರಿಂಗ್ ಓದುವ ಮೋಹಿತ್ ಎಂಬ ಮಂಜೇಶ್ವರದ ಹುಡುಗನದ್ದು. ಹಾಸ್ಟೆಲಿನ ಮರದ ಕೆಳಗೆ ಅವನು ಇನ್ನೂ ಅದೇ ಬೈಕನ್ನು ಒರೆಸುತ್ತಿದ್ದ.

"ಆ ಅಜ್ಜ ಕೂಲೆಂಟ್ ಸೋರ್ತದೆ ಅಂದ್ರು. ಸೋರ್ತಾ ಇತ್ತು, ನಾನೇ ನೋಡಿದೆ. ಅವರು ಹೋದ ಮೇಲೆ ನೋಡಿದ್ರೆ ಎಂತದ್ದೂ ಇಲ್ಲ, ಕ್ಲಿಪ್ ಮೊದಲಿಗಿಂತ ಬಿಗಿ! ಮಾತಾಡ್ತಾ ಮಾತಾಡ್ತಾ ಚೈನಿಗೆ ಎಣ್ಣೆ ಬೇರೆ ಬಿಟ್ಟು ಹೋಗಿದ್ರು ಮೇಡಂ. ಹೀಗೆ ಹಾಳು ಮಾಡುವವರು ವಾರಕ್ಕೊಮ್ಮೆ ಬರ್ಲಿ."

ತುಂಗಾ ಅದನ್ನು ಮಲಯಾಳದಲ್ಲಿ ಹೇಳಿದಾಗ ಸುಗತನ್ ಈ ಸಲ ನಗು ತಡೆಯಲಿಲ್ಲ. ತುಂಗಾ ಅವರ ತಲೆಯಲ್ಲಿ ಮಾತ್ರ ಗೋದಾಮಿನ ದೃಶ್ಯ ಮತ್ತೆ ಓಡಿತು. ಮೊದಲು ಸಡಿಲ ಮಾಡುವುದು, ಹನಿ ತೋರಿಸುವುದು, ಬೇಡ ಎನ್ನುವುದು, ಹೊರಡುವ ಮುಂಚೆ ಇನ್ನೊಮ್ಮೆ ಕೂತು ಬಿಗಿ ಮಾಡುವುದು. ಆಲುವದಲ್ಲಿ ಆ ಎರಡನೇ ಸಲ ಕೂರಲು ಹುಡುಗ ಬಿಡಲಿಲ್ಲ. ಮಂಡಿ ನೋಯುತ್ತದೆಂದು ಕನಿಕರಪಟ್ಟು ತೋಳು ಹಿಡಿದು ಎಬ್ಬಿಸಿದ. ಒಂದು ಇಂಜಿನ್ ಸುಟ್ಟುಹೋದದ್ದು ಆ ಕನಿಕರದಿಂದ.

ಯಾರು, ಹೇಗೆ ಎಂಬುದು ಮುಗಿಯಿತು. ಯಾಕೆ ಎಂಬುದೊಂದು ಉಳಿದಿತ್ತು.

ಉಳ್ಳೂರು ಜಂಕ್ಷನ್ನಿನಿಂದ ಒಳಗೆ, ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಬಾಗಿಲು ತೆರೆದ ಶಾಲಿನಿ ಆಗಷ್ಟೇ ಕಚೇರಿಯಿಂದ ಬಂದಿದ್ದಳು. ಪೊಲೀಸರನ್ನು ಕಂಡು, "ಅಪ್ಪನ್ನಾ? ಅಪ್ಪ ಏನು ಮಾಡಿಯಾರು?" ಎಂದು ಮಲಯಾಳದಲ್ಲಿ ಕೇಳಿದಳು. ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೊ. ತಾಯಿ ಕಮಲ, ಎರಡು ವರ್ಷವಾಯಿತು ಹೋಗಿ ಎಂದಳು.

ತಿಮ್ಮಪ್ಪನವರು ಒಳಗಿನಿಂದ ಬಂದರು. ಅದೇ ತಿಳಿನೀಲಿ ಅಂಗಿ. ಸಮವಸ್ತ್ರ ನೋಡಿದ ಕೂಡಲೇ ಅವರ ಕೈ ಗೋಡೆಗೆ ಹೋಯಿತು.

"ನಮಸ್ಕಾರ. ನಾನು ಆಲುವ ಠಾಣೆಯ ತುಂಗಾ. ಎಲ್ದೋ ಅವರ ಬೈಕಿನ ವಿಷಯ ಮಾತಾಡ್ಲಿಕ್ಕುಂಟು."

"ಓಡಿಸ್ದೋರಿಗೆ ಪೆಟ್ಟಾಯ್ತೇನಮ್ಮ?" ಅದೇ ಅವರ ಮೊದಲ ಮಾತು.

"ಇಲ್ಲ. ಅವರು ಚೆನ್ನಾಗಿದ್ದಾರೆ. ಇಂಜಿನ್ ಹೋಯ್ತು."

"ಆ ಕೂಲೆಂಟ್ ಹಿಂದಿನ ಟೈರಿಗೆ ಬಿದ್ದಿದ್ರೆ ಜಾರಿಬಿಡೋರು..." ತಿಮ್ಮಪ್ಪ ಕುರ್ಚಿಯ ಮೇಲೆ ಕೂತರು. "ನಾಲ್ಕು ದಿನದಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ ಕಣಮ್ಮ. ಭಾನುವಾರ ರಾತ್ರಿಯೇ ಫೋನ್ ಮಾಡಬೇಕಿತ್ತು. ಧೈರ್ಯ ಬರಲಿಲ್ಲ. ಜಾಹೀರಾತಲ್ಲಿ ನಂಬರ್ ಹುಡುಕಿ, ಇವಳ ಫೋನ್ ತಗೊಂಡು, ಆ ಪುಣ್ಯಾತ್ಮನಿಗೆ ಹೇಳೋ ಹೊತ್ತಿಗೆ ಸೋಮವಾರ ಸಂಜೆಯಾಗಿತ್ತು."

ಆಮೇಲೆ, ತಾವು ಕನ್ನಡದಲ್ಲೇ ಮಾತಾಡುತ್ತಿದ್ದೇವೆಂದು ಆಗ ತಾನೇ ಅರಿವಾದವರಂತೆ, ತುಂಗಾ ಅವರನ್ನು ನೋಡಿದರು. "ನೀವು ಯಾವೂರಮ್ಮ?"

ಆರೋಪಿಯೇ ಇನ್‌ಸ್ಪೆಕ್ಟರನ್ನು ವಿಚಾರಿಸುವುದು ನಿಯಮದ ಪುಸ್ತಕದಲ್ಲಿಲ್ಲ. ತುಂಗಾ ಉತ್ತರ ಕೊಟ್ಟರು.

"ಬದಿಯಡ್ಕ. ಕಾಸರಗೋಡು."

"ಅದಕ್ಕೇ ಉಂಟು ಅಂದ್ರಿ!" ಆ ಗಾಬರಿಯ ನಡುವೆಯೂ ತಿಮ್ಮಪ್ಪನವರ ಮುಖ ಅರಳಿತು. "ನಮ್ ಕಮಲ ನಿಮ್ಮ ಕಡೆ ಮಾತು ಕೇಳಿದ್ರೆ ಎಷ್ಟು ನಗೋಳು! ಮೂವತ್ತು ವರ್ಷ ಈ ಊರಲ್ಲಿದ್ದೂ ಅವಳು ಮಲಯಾಳಂ ಕಲೀಲಿಲ್ಲ. ಮೀನಿನವರ ಹತ್ರನೂ ಕನ್ನಡದಲ್ಲೇ ಜಗಳ."

ತುಂಗಾ ಪೆನ್ನು ತೆಗೆದರು. "ಕ್ಲಿಪ್ ಸಡಿಲ ಮಾಡಿದ್ದು ನೀವೇ ಅಲ್ವಾ?"

"ನಾನೇ."

"ಎಲ್ಲ ಬೈಕಿಗೂ?"

"ಮೊದಲನೆಯದು ನಿಜವಾಗಿಯೂ ಕೆಟ್ಟದಿತ್ತು, ಬಿದ್ದ ಬೈಕು, ಫ್ರೇಮೇ ಸೊಟ್ಟ. ಉಳಿದವಕ್ಕೆಲ್ಲ ನಾನೇ ಏನಾದ್ರೂ ಮಾಡ್ತಿದ್ದೆ. ಬ್ರೇಕು, ಚಕ್ರ ಮಾತ್ರ ಮುಟ್ಟಿಲ್ಲ. ಬರೋವಾಗ ಸರಿ ಮಾಡಿಯೇ ಬರ್ತಿದ್ದೆ. ಅವತ್ತು ಆ ಹುಡುಗ..."

"ಯಾಕೆ ಮಾಡಿದ್ರಿ?"

ಬಾಗಿಲ ಹತ್ತಿರ ಶಾಲಿನಿ ನಿಂತಿದ್ದಳು. ತಿಮ್ಮಪ್ಪ ಅವಳ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳತೊಡಗಿದರು.

"ಇವಳು ನನ್ನ ಚೆನ್ನಾಗಿ ನೋಡ್ಕೋತಾಳೆ, ಅದ್ರಲ್ಲಿ ಎರಡು ಮಾತಿಲ್ಲ. ಅಳಿಯ ದೇವರಂಥೋನು. ನಾನು ಕನ್ನಡದಲ್ಲಿ ಕೇಳ್ತೀನಿ, ಇವಳು ಮಲಯಾಳದಲ್ಲಿ ಹೇಳ್ತಾಳೆ. ಚಿಕ್ಕಂದಿನಿಂದಲೂ ಹಂಗೇ. ಅವಳಮ್ಮ ಇರೋವರೆಗೆ ನನಗದು ಗೊತ್ತೇ ಆಗ್ಲಿಲ್ಲ. ಕಮಲ ಹೋದ ಮೇಲೆ ನನ್ನ ಬಾಯಿ ಕಟ್ಟಿಹೋಯ್ತು ಕಣಮ್ಮ. ಮಲಯಾಳದಲ್ಲಿ ಹಾಲು ತರಬಲ್ಲೆ, ಡಾಕ್ಟ್ರಿಗೆ ಹೊಟ್ಟೆನೋವು ಹೇಳಬಲ್ಲೆ. ಸುಮ್ಸುಮ್ನೆ ಹರಟೋಕೆ ಬರಲ್ಲ. ಒಂದಿನ ಬಸ್ಸಲ್ಲಿ ಈ ಹುಡುಗ ಸಿಕ್ಕ. ಭಾನುವಾರ ಪೂರ್ತಿ ಮಾತು. ರೈಲಲ್ಲಿ ಹೋಗೋವಾಗ ಮಾತು, ಬರೋವಾಗ ಮಾತು. ನನ್ನ ಮಾತಿಗೆ ಅವನು ನಗ್ತಾನೆ. ಶನಿವಾರ ಬಂದ್ರೆ ಅಂಗಿ ಇಸ್ತ್ರಿ ಮಾಡಿ ಕಾಯ್ತಾ ಕೂರ್ತೀನಿ. ಬೈಕ್ ಸಿಕ್ಕಿಬಿಟ್ರೆ ಭಾನುವಾರ ಮುಗೀತಲ್ಲ. ಅವನಿಗೆ ನಾನ್ಯಾಕೆ ಬೇಕು ಆಮೇಲೆ? ಅದಕ್ಕೇ... ಇನ್ನೊಂದು ವಾರ, ಇನ್ನೊಂದು ವಾರ ಅಂತ ಮಾಡ್ದೆ."

ಸುಗತನ್‌ಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಆದರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಶಾಲಿನಿಗೆ ಎಲ್ಲವೂ ಅರ್ಥವಾಗಿತ್ತು. ಅವಳು ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದಳು.

ತುಂಗಾ ಬರೆಯುವುದನ್ನು ನಿಲ್ಲಿಸಿದ್ದರು. ಅಮ್ಮ ಒಂದು ದಿನ ಫೋನು ಎತ್ತದೇ ಹೋದರೆ ಕನ್ನಡ ಮಾತಾಡಲು ತನಗೆ ಯಾರು ಉಳಿಯುತ್ತಾರೆ ಎಂಬ ಯೋಚನೆ ಬಂತು. ಅದನ್ನು ಬದಿಗಿಟ್ಟು ಕೆಲಸದ ಮಾತಿಗೆ ಬಂದರು.

"ಬೇರೆಯವರ ಗಾಡಿ ಅದು, ತಿಮ್ಮಪ್ಪನವರೇ. ಅವರಿಗೆ ದೊಡ್ಡ ನಷ್ಟ ಆಗಿದೆ. ಜೀವಕ್ಕೇ ಅಪಾಯ ಆಗ್ತಿತ್ತು."

"ಗೊತ್ತು. ತಪ್ಪು ತಪ್ಪೇ. ಎಲ್ಲಿಗೆ ಬೇಕಾದ್ರೂ ಬರ್ತೀನಿ." ಅವರು ಎದ್ದು ನಿಂತು, ಎರಡೂ ಕೈ ಜೋಡಿಸಿದರು. "ಒಂದೇ ಒಂದು ಉಪಕಾರ ಮಾಡಮ್ಮ. ಆಕರ್ಷನಿಗೆ ಹೇಳ್ಬೇಡ. ಮುದುಕನ ಕೈ ಜಾರ್ತು ಅಂತ ಬರಿ. ಜೈಲಿಗೆ ಹಾಕು, ಪರವಾಗಿಲ್ಲ. ಇಷ್ಟು ದಿನ ತನಗೆ ಮೋಸ ಮಾಡ್ದ ಅಂತ ಅವನು ತಿಳ್ಕೊಂಡ್ರೆ ನಾನು ಬದುಕಿದ್ದೂ ಸತ್ತ ಹಂಗೆ."

"ಅವನು ಸಾಕ್ಷಿ. ಹೇಳದೆ ಆಗುವುದಿಲ್ಲ" ಎಂದರು ತುಂಗಾ. ಅದನ್ನು ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ.

ಹೊರಡುವಾಗ ಶಾಲಿನಿ ಒಂದು ಸಣ್ಣ ಚೀಲ ತಂದು ಅಪ್ಪನ ಕೈಗಿಟ್ಟಳು. ಮಾತ್ರೆ, ಮಂಡಿಗೆ ಹಾಕುವ ಪಟ್ಟಿ, ನೀರಿನ ಬಾಟಲಿ. "ಅಪ್ಪಾ" ಎಂದಳು. ಶಬ್ದಗಳನ್ನು ಒಂದೊಂದಾಗಿ ಹುಡುಕಿ ತೆಗೆದು, ಕನ್ನಡದಲ್ಲಿ ಹೇಳಿದಳು: "ನಾನು... ಹಿಂದೇನೇ ಬರ್ತೀನಿ. ಹೆದರ್ಬೇಡಿ."

ತಿಮ್ಮಪ್ಪ ಮಗಳ ಮುಖವನ್ನೇ ನೋಡುತ್ತಾ ಮೆಟ್ಟಿಲು ಇಳಿದರು. ಸುಗತನ್ ಅವರ ತೋಳು ಹಿಡಿದುಕೊಂಡಿದ್ದ.

ಸಂಜೆ ಏಳಕ್ಕೆ ಹತ್ತಿರದ ಠಾಣೆಯಲ್ಲಿ ಬಂಧನ ದಾಖಲಾಯಿತು. ಜಾಮೀನು ಕೊಡಬಹುದಾದ ಅಪರಾಧ. ಜಾಮೀನುದಾರರು ಒಬ್ಬರು ಬೇಕಿತ್ತು. ಶಾಲಿನಿ ಬರುವ ಮೊದಲೇ, ಸಾಕ್ಷಿಯೆಂದು ಕರೆಸಿದ್ದ ಆಕರ್ಷ ಬಂದು ಬೆಂಚಿನ ಮೇಲೆ ಕೂತಿದ್ದ. ತಿಮ್ಮಪ್ಪ ಅವನನ್ನು ಕಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ತುಂಗಾ ಅವನನ್ನು ಮೇಜಿನ ಹತ್ತಿರ ಕರೆದರು. "ಇವರ ಹೇಳಿಕೆಯಲ್ಲಿ ಎಂತ ಉಂಟು ಅಂತ ನೀವು ಕೇಳಬೇಕು."

"ಬೇಡ ಮೇಡಂ" ಎಂದ ಆಕರ್ಷ. "ನಂಗೊತ್ತು."

"ಎಂತ ಗೊತ್ತು?"

"ಮೋಹಿತ್ ಬೈಕ್ ನಂಗೆ ಇಷ್ಟ ಆಗಿತ್ತು. ಇವರಿಗೆ ಹೇಳ್ದೆ ಮಾರನೇ ದಿನ ಒಬ್ನೇ ಹೋಗಿ ನೋಡ್ದೆ. ಒಂದು ಹನಿನೂ ಸೋರ್ತಿರ್ಲಿಲ್ಲ. ಆಮೇಲೆ ಕೊಲ್ಲಂನಲ್ಲಿ, ಇವರು ಸ್ಕ್ರೂ ತಿರುಗಿಸೋದನ್ನ ಕನ್ನಡಿಯಲ್ಲಿ ನೋಡ್ದೆ. ಹೊರಡೋವಾಗ ಬಿಗಿ ಮಾಡೋದನ್ನೂ ನೋಡ್ದೆ. ಯಾರಿಗೂ ತೊಂದ್ರೆ ಇಲ್ವಲ್ಲ ಅಂತ ಸುಮ್ಮನಾದೆ. ಆಲುವದಲ್ಲಿ ಅದು ನೆನಪೇ ಆಗ್ಲಿಲ್ಲ ಮೇಡಂ. ಮಂಡಿ ನೋವು ಅಂತಿದ್ರು, ಕೈ ಹಿಡಿದು ಎಬ್ಬಿಸ್ಬಿಟ್ಟೆ. ಅದಕ್ಕೇ ನಾನೇ ಮಾಡ್ದೆ ಅಂದಿದ್ದು. ಒಂದು ಲೆಕ್ಕದಲ್ಲಿ ನಾನೇ."

ತಿಮ್ಮಪ್ಪ ಗೋಡೆಯ ಕಡೆಯಿಂದ ನಿಧಾನವಾಗಿ ತಿರುಗಿದರು. "ಗೊತ್ತಿದ್ದೂ ಯಾಕೋ ಬರ್ತಿದ್ದೆ?"

"ಕೇಳಿದ್ರೆ ನೀವು ಬರೋದು ನಿಲ್ಲಿಸ್ತಿದ್ರಿ ಮಾವ" ಎಂದ ಆಕರ್ಷ. "ನಂಗೂ ಭಾನುವಾರ ಬೇಕಿತ್ತು."

ತಿಮ್ಮಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು, ಇಸ್ತ್ರಿ ಹಾಳಾಯಿತು. ತುಂಗಾ ಹೊರಗೆ ಹೋಗಿ ಎಲ್ದೋಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಬಹಳ ಹೊತ್ತು ಬೈದ. ಆಮೇಲೆ ಕೇಳಿದ: "ಮೇಡಂ, ಆ ಅಪ್ಪಾಪನಿಗೆ ಇಂಜಿನ್ ಬಿಚ್ಚಿ ಜೋಡಿಸೋಕೆ ಬರ್ತದಾ? ಸಾಮಾನಿನ ಖರ್ಚು ಅವರೇ ಕೊಟ್ಟು ನನ್ನ ಶೆಡ್ಡಲ್ಲಿ ಕೆಲಸ ಮಾಡಿಕೊಡಲಿ. ಬೈಕ್ ಮೊದಲಿನ ಹಾಗೆ ಓಡಿದರೆ ಕೋರ್ಟಲ್ಲಿ ರಾಜಿಗೆ ನಾನು ತಯಾರು. ಆದರೆ ವಾರದ ದಿನ ನನಗೆ ಪುರುಸೊತ್ತಿಲ್ಲ."

ತುಂಗಾ ಒಳಗೆ ಬಂದು ಜಾಮೀನಿನ ಕಾಗದ ಮುಗಿಸಿದರು. ಅಪರಾಧದ ಉದ್ದೇಶ ಬರೆಯುವ ಕಡೆ ಪೆನ್ನು ಸ್ವಲ್ಪ ತಡೆಯಿತು. ದ್ವೇಷ, ಲಾಭ, ಹಳೆಯ ವೈಷಮ್ಯ ಎಂದೆಲ್ಲ ಅವರು ಎಷ್ಟೋ ಸಲ ಬರೆದಿದ್ದರು. ಇಲ್ಲಿ ಯಾವುದೂ ಕೂರಲಿಲ್ಲ. ಕೊನೆಗೆ 'ಮಾತಾಡಲು ಜೊತೆ ಬೇಕಾಗಿ' ಎಂದು ಬರೆದು ಕೆಳಗೆ ಸಹಿ ಹಾಕಿದರು. ಮೇಲಿನವರು ಕೇಳಿದರೆ ನೋಡಿಕೊಳ್ಳೋಣ ಎಂದುಕೊಂಡರು.

"ತಿಮ್ಮಪ್ಪನವರೇ, ಕರೆದಾಗ ತನಿಖೆಗೆ ಆಲುವಕ್ಕೆ ಹಾಜರಾಗಬೇಕು. ಮೊದಲ ಸಲ ಬರುವ ಭಾನುವಾರ. ಠಾಣೆಯ ಕೆಲಸ ಮುಗಿದ ಮೇಲೆ ಎಲ್ದೋ ಅವರಿಗೂ ನಿಮ್ಮ ಹತ್ರ ಒಂದು ಕೆಲಸ ಉಂಟಂತೆ, ಅದು ಒಂದೆರಡು ಭಾನುವಾರಕ್ಕೆ ಮುಗಿಯುವಂಥದ್ದಲ್ಲ. ಅಷ್ಟು ದೂರ ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೆ ಯಾರಾದ್ರೂ ಇದ್ದಾರಾ?"

"ನಾನಿದ್ದೀನಿ" ಎಂದು ಆಕರ್ಷ ಜಾಮೀನುದಾರನ ಜಾಗದಲ್ಲಿ ಸಹಿ ಹಾಕಿದ. ಪೆನ್ನು ಇಟ್ಟು, ಹಿರಿಯರ ತೋಳು ಹಿಡಿದು ಎಬ್ಬಿಸುತ್ತಾ ಕೇಳಿದ: "ಅಷ್ಟು ದೂರಕ್ಕೆ ಒಂದು ಬೈಕ್ ಇದ್ದಿದ್ರೆ ಚೆನ್ನಾಗಿತ್ತು, ಅಲ್ವಾ ಮಾವ?"

"ರೈಲೇ ವಾಸಿ ಕಣೋ" ಎಂದರು ತಿಮ್ಮಪ್ಪ. "ಬೈಕಲ್ಲಿ ಹಿಂದೆ ಕೂತ್ರೆ ನೀನು ಆಡೋ ಮಾತು ನನಗೆ ಕೇಳ್ಸಲ್ಲ."